ಶೇಕಡಾ ದ್ರಾವಣ ತಯಾರಿಸುವ ಬಗೆ: ಜೈವಿಕ ತಂತ್ರಜ್ಞಾನ ಪ್ರಯೋಗಾಲಯಕ್ಕೆ ಒಂದು ಸಮಗ್ರ ಮಾರ್ಗದರ್ಶಿ

ಹಾಸನದ ಕಾಲೇಜೊಂದರಲ್ಲಿ ಜೈವಿಕ ತಂತ್ರಜ್ಞಾನದ ಪ್ರಾಯೋಗಿಕ ತರಗತಿ ನಡೆಸುವ ನಾನು ಪ್ರತಿ ವರ್ಷವೂ ಹೊಸ ವಿದ್ಯಾರ್ಥಿಗಳನ್ನು ಮೊದಲು ಕೇಳುವುದು ತೋಟದ ಶಿಲೀಂಧ್ರ ರೋಗಗಳಿಗೆ ಸಿಂಪಡಿಸುವ ಬೋರ್ಡೋ ದ್ರಾವಣದ ಬಗ್ಗೆ. ಸಕಲೇಶಪುರ, ಬೇಲೂರು, ಮೂಡಿಗೆರೆ ಕಡೆಯ ತೋಟದ ಮನೆಗಳಿಂದ ಬಂದ ಮಕ್ಕಳು ಅಂಗಳದಲ್ಲಿ ಡ್ರಮ್ಮಿಟ್ಟು ಅದನ್ನು ಕಲಸುವುದನ್ನು ನೋಡುತ್ತಲೇ ಬೆಳೆದವರು. "ಶೇಕಡಾ ಒಂದರ ಬೋರ್ಡೋ ಎಂದರೇನು?" ಎಂದರೆ "ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, ನೂರು ಲೀಟರ್ ನೀರು ಮೇಡಂ" ಎಂಬ ಉತ್ತರ ತಕ್ಷಣ ಬರುತ್ತದೆ. ಉತ್ತರ ಸರಿಯಾಗಿಯೇ ಇದೆ. ಆದರೆ "ಎರಡು ಕೆ.ಜಿ. ವಸ್ತು ಹಾಕಿದ ಮೇಲೂ ಅದು ಶೇಕಡಾ ಎರಡು ಏಕಾಗಲಿಲ್ಲ? ಆ ಒಂದು ಯಾವುದರ ಲೆಕ್ಕ?" ಎಂದು ಕೇಳಿದಾಗ ತರಗತಿ ಸುಮ್ಮನಾಗುತ್ತದೆ.

ಆ ಒಂದು ಮೈಲುತುತ್ತದ ಲೆಕ್ಕ. ಅದರಲ್ಲೂ ಹರಳಿನೊಳಗೆ ನೀರನ್ನು ಹಿಡಿದಿಟ್ಟುಕೊಂಡಿರುವ, ಅಂಗಡಿಯಲ್ಲಿ ಸಿಗುವ ನೀಲಿ ಮೈಲುತುತ್ತದ ಲೆಕ್ಕ. ಹರಳಿನ ನೀರನ್ನು ಕಳೆದು ನೋಡಿದರೆ 100 ಗ್ರಾಂ ನೀಲಿ ಹರಳಿನಲ್ಲಿ ನಿಜವಾದ ತಾಮ್ರದ ಸಲ್ಫೇಟ್ ಇರುವುದು ಸುಮಾರು 64 ಗ್ರಾಂ ಮಾತ್ರ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅವರು 1910ರ ಸುಮಾರಿನಲ್ಲಿ ಅಡಿಕೆಯ ಕೊಳೆರೋಗವನ್ನು ಅಧ್ಯಯನ ಮಾಡಿ ಈ ದ್ರಾವಣವನ್ನು ಮಲೆನಾಡಿನ ತೋಟಗಳಿಗೆ ಪರಿಚಯಿಸಿದಂದಿನಿಂದ, ಯಾವ ರೂಪದ ಮೈಲುತುತ್ತ ಎಂಬುದರಲ್ಲಿ ತೋಟದವರಿಗೆ ಗೊಂದಲವಿಲ್ಲ. ಅವರ ಕೈಗೆ ಸಿಗುವುದು ಒಂದೇ ರೂಪ, ಅವರು ಬಳಸುವ ಅಳತೆಯೂ ಒಂದೇ. ಪ್ರಯೋಗಾಲಯದ ಕಪಾಟಿನಲ್ಲಿ ಮಾತ್ರ ಒಂದೇ ಲವಣದ ಎರಡು ಮೂರು ರೂಪಗಳು ಅಕ್ಕಪಕ್ಕದಲ್ಲೇ ಇರುತ್ತವೆ. ಆದ್ದರಿಂದ ಇಲ್ಲಿ ಶೇಕಡಾ ಎಂಬ ಚಿಹ್ನೆಯೊಂದೇ ಏನನ್ನೂ ಹೇಳುವುದಿಲ್ಲ. ಯಾವ ವಸ್ತು, ಯಾವ ರೂಪದ್ದು, ತೂಕವೋ ಗಾತ್ರವೋ, ಎಷ್ಟರೊಳಗೆ ಎಂಬ ನಾಲ್ಕೂ ಗೊತ್ತಾದಾಗ ಮಾತ್ರ ಅದು ಅಳತೆಯಾಗುತ್ತದೆ. ತಪ್ಪು ದ್ರಾವಣ ನೋಡುವುದಕ್ಕೆ ಸರಿಯಾದ ದ್ರಾವಣದಂತೆಯೇ ತಿಳಿಯಾಗಿರುತ್ತದೆ. ಮೂರು ವಾರಗಳ ನಂತರ ಡಿಎನ್‌ಎ ಬಾರದೆ ಹೋದಾಗ ಅದಕ್ಕೆ ಈ ಬಾಟಲಿಯೇ ಕಾರಣವೆಂದು ಯಾರಿಗೂ ಹೊಳೆಯುವುದಿಲ್ಲ.

ಪದಗಳ ಬಗ್ಗೆ ಒಂದು ಮಾತು. ನಮ್ಮ ಪಠ್ಯಗಳಲ್ಲಿ 'ಸಾಂದ್ರತೆ' ಎಂಬ ಪದವನ್ನು ಎರಡು ಅರ್ಥಗಳಲ್ಲಿ ಬಳಸುತ್ತಾರೆ. ಇಲ್ಲಿ ದ್ರಾವಣದೊಳಗೆ ವಸ್ತು ಎಷ್ಟಿದೆ ಎಂಬುದಕ್ಕೆ 'ಸಾರತೆ' ಎಂದೂ, ಒಂದು ಮಿಲಿಲೀಟರ್ ದ್ರವ ಎಷ್ಟು ಗ್ರಾಂ ತೂಗುತ್ತದೆ ಎಂಬುದಕ್ಕೆ ಮಾತ್ರ 'ಸಾಂದ್ರತೆ' ಎಂದೂ ಬರೆಯುತ್ತೇನೆ. ಕರಗುವ ವಸ್ತು ದ್ರಾವ್ಯ, ಕರಗಿಸಿಕೊಳ್ಳುವ ದ್ರವ ದ್ರಾವಕ, ಎರಡೂ ಸೇರಿದ್ದು ದ್ರಾವಣ.

ಮೂರು ಬಗೆಯ ಶೇಕಡಾ

ಘನವಸ್ತುವನ್ನು ದ್ರವದಲ್ಲಿ ಕರಗಿಸುವಾಗ ಬಳಸುವುದು ತೂಕ/ಗಾತ್ರದ ಶೇಕಡಾ: 100 ಮಿ.ಲೀ. ದ್ರಾವಣದಲ್ಲಿ ಎಷ್ಟು ಗ್ರಾಂ ದ್ರಾವ್ಯವಿದೆ ಎಂಬುದು. ಜೀವಶಾಸ್ತ್ರದ ಪ್ರಯೋಗಾಲಯದಲ್ಲಿ ಸುಮ್ಮನೆ '10% ಎಸ್‌ಡಿಎಸ್' (ಎಸ್‌ಡಿಎಸ್ ಎಂದರೆ ಜೀವಕೋಶಗಳನ್ನು ಒಡೆಯಲು ಬಳಸುವ ಮಾರ್ಜಕ) ಎಂದಿದ್ದರೆ ಹೆಚ್ಚಾಗಿ ಈ ಲೆಕ್ಕವೇ. ದ್ರವವನ್ನು ದ್ರವದೊಂದಿಗೆ ಬೆರೆಸುವಾಗ ಗಾತ್ರ/ಗಾತ್ರದ ಶೇಕಡಾ ಬರುತ್ತದೆ: 100 ಮಿ.ಲೀ. ದ್ರಾವಣದಲ್ಲಿ ಎಷ್ಟು ಮಿ.ಲೀ. ದ್ರಾವ್ಯವಿದೆ ಎಂಬುದು. 70% ಎಥನಾಲ್ ಇದಕ್ಕೆ ಉದಾಹರಣೆ. ಮೂರನೆಯದು ತೂಕ/ತೂಕದ ಶೇಕಡಾ, ಅಂದರೆ 100 ಗ್ರಾಂ ದ್ರಾವಣದಲ್ಲಿ ಎಷ್ಟು ಗ್ರಾಂ ದ್ರಾವ್ಯವಿದೆ ಎಂಬುದು. ತರಗತಿಯಲ್ಲಿ ಇದನ್ನು ನಾವು ತಯಾರಿಸುವುದು ಅಪರೂಪ. ಆದರೆ ಅಂಗಡಿಯಿಂದ ಬರುವ ಸಾರೀಕೃತ ಆಮ್ಲಗಳ ಬಾಟಲಿಯ ಮೇಲೆ ಮುದ್ರಿಸಿರುವುದು ಇದೇ ಶೇಕಡಾ, ಹಾಗಾಗಿ ಇದನ್ನು ಅರಿಯದೆ ಆಮ್ಲ ಮುಟ್ಟುವಂತಿಲ್ಲ.

ಮೂರರಲ್ಲೂ ಛೇದದಲ್ಲಿರುವುದು ದ್ರಾವಣವೇ ಹೊರತು ದ್ರಾವಕವಲ್ಲ. ವಿದ್ಯಾರ್ಥಿಗಳು ಅತಿ ಹೆಚ್ಚು ಎಡವುವುದು ಇಲ್ಲೇ. ಇದನ್ನು ನಾನು ಬಾಯಿಮಾತಿನಲ್ಲಿ ಹೇಳದೆ ಅಡುಗೆಮನೆಯ ಸಕ್ಕರೆಯಿಂದ ತೋರಿಸುತ್ತೇನೆ. ಒಬ್ಬ ವಿದ್ಯಾರ್ಥಿ 20 ಗ್ರಾಂ ಸಕ್ಕರೆ ತೂಗಿ, ಅಳತೆ ಜಾಡಿಯಲ್ಲಿ ಅಳೆದ 100 ಮಿ.ಲೀ. ನೀರಿಗೆ ಹಾಕಿ ಕರಗಿಸುತ್ತಾನೆ. ಕರಗಿದ್ದನ್ನು ಮತ್ತೆ ಅದೇ ಜಾಡಿಗೆ ಸುರಿದರೆ ದ್ರವ 100ರ ಗೆರೆ ದಾಟಿ ಸುಮಾರು 112ಕ್ಕೆ ಬಂದು ನಿಲ್ಲುತ್ತದೆ. ಸಕ್ಕರೆ ಕಣ್ಣಿಗೆ ಕಾಣದಾಗಿದ್ದರೂ ಜಾಗವನ್ನು ಬಿಟ್ಟುಕೊಟ್ಟಿಲ್ಲ. 20 ಗ್ರಾಂ ಈಗ 112 ಮಿ.ಲೀ.ಯಲ್ಲಿ ಹರಡಿಕೊಂಡಿದೆ, ಸಾರತೆ 20% ಆಗಿರದೆ 17.9% ಆಗಿದೆ. ಇನ್ನೊಬ್ಬಳು ಅಷ್ಟೇ ಸಕ್ಕರೆಯನ್ನು 70 ಮಿ.ಲೀ. ನೀರಿನಲ್ಲಿ ಕರಗಿಸಿ, ಆಮೇಲೆ 100ರ ಗೆರೆಯವರೆಗೆ ನೀರು ತುಂಬುತ್ತಾಳೆ. ಅವಳದು 20%. ಪ್ರಯೋಗಾಲಯದ ಮಾತಿನಲ್ಲಿ ಇದಕ್ಕೆ 'ಮೇಕಪ್ ಮಾಡುವುದು' ಎನ್ನುತ್ತೇವೆ. '100 ಮಿ.ಲೀ. ನೀರು ಹಾಕಿ' ಎಂಬುದಕ್ಕೂ '100 ಮಿ.ಲೀ.ಗೆ ಮೇಕಪ್ ಮಾಡಿ' ಎಂಬುದಕ್ಕೂ ಇರುವ ವ್ಯತ್ಯಾಸ ಆ 12 ಮಿ.ಲೀ. 1% ದ್ರಾವಣದಲ್ಲಿ ಈ ತಪ್ಪು ನಗಣ್ಯ ಎನ್ನುವಷ್ಟು ಚಿಕ್ಕದು. ಹಾಗೆಂದು ಅಲ್ಲಿ ರೂಢಿಯಾದ ಕೈ 20% ಮಾಡುವಾಗಲೂ ಹಾಗೆಯೇ ಮಾಡುತ್ತದೆ.

ತೂಕ/ಗಾತ್ರ: 0.9% ಸಲೈನ್ ತಯಾರಿಸುತ್ತ ಕಲಿಯುವುದು

ಜೀವಕೋಶಗಳನ್ನು ಒಡೆಯದಂತೆ ತೊಳೆಯಲು, ಬ್ಯಾಕ್ಟೀರಿಯಾಗಳ ಸರಣಿ ದುರ್ಬಲೀಕರಣಕ್ಕೆ, ರಕ್ತದ ಮಾದರಿಗೆ ಬೇಕಾಗುವ ಈ ದ್ರಾವಣ ಅಭ್ಯಾಸಕ್ಕೆ ಹೇಳಿ ಮಾಡಿಸಿದಂತಿದೆ, ಏಕೆಂದರೆ ಉಪ್ಪು ಅಗ್ಗ, ಅಪಾಯವಿಲ್ಲ, ನೀರಿನಲ್ಲಿ ಬೇಗ ಕರಗುತ್ತದೆ. 250 ಮಿ.ಲೀ. ಬೇಕು ಎಂದುಕೊಳ್ಳೋಣ.

ಮೊದಲು ಲೆಕ್ಕ, ಅದೂ ಕಾಗದದ ಮೇಲೆ. ಬೇಕಾದ ಶೇಕಡಾವನ್ನು ಬೇಕಾದ ಗಾತ್ರದಿಂದ ಗುಣಿಸಿ 100ರಿಂದ ಭಾಗಿಸಿ: 0.9 × 250 ÷ 100 = 2.25 ಗ್ರಾಂ. ತಕ್ಕಡಿಯ ಮುಂದೆ ನಿಂತು ಮನಸ್ಸಿನಲ್ಲೇ ಲೆಕ್ಕ ಹಾಕುವವರನ್ನು ನಾನು ವಾಪಸ್ ಕಳುಹಿಸುತ್ತೇನೆ. ದಶಮಾಂಶ ಬಿಂದು ಒಂದು ಸ್ಥಾನ ಜರುಗಿದರೆ ದ್ರಾವಣ ಹತ್ತು ಪಟ್ಟು ತಪ್ಪಾಗುತ್ತದೆ, ಆ ತಪ್ಪು ಬರೆದಿಟ್ಟಿದ್ದರೆ ಮಾತ್ರ ಆಮೇಲೆ ಪತ್ತೆಯಾಗುತ್ತದೆ.

ತೂಗುವ ಮೊದಲು ತಕ್ಕಡಿಯ ಮಟ್ಟಗುಳ್ಳೆ ವೃತ್ತದ ನಡುವೆ ಇದೆಯೇ ನೋಡಿ, ಫ್ಯಾನ್ ಆರಿಸಿ, ಗಾಜಿನ ಬಾಗಿಲುಗಳಿದ್ದರೆ ಮುಚ್ಚಿ. ಬಟರ್ ಪೇಪರನ್ನು ನಾಲ್ಕೂ ಅಂಚುಗಳಲ್ಲಿ ಸ್ವಲ್ಪ ಮಡಿಸಿ ತಟ್ಟೆಯ ಮೇಲಿಟ್ಟು 'ಟೇರ್' ಒತ್ತಿ. ಅಂಕಿ ಸೊನ್ನೆಗೆ ಬಂದು ನಿಂತ ಮೇಲೆ ಸ್ಪ್ಯಾಚುಲದ ತುದಿಯಲ್ಲಿ ಉಪ್ಪು ತೆಗೆದುಕೊಂಡು, ಇನ್ನೊಂದು ಕೈಯ ಬೆರಳಿನಿಂದ ಅದರ ಹಿಡಿಯನ್ನು ಮೆಲ್ಲನೆ ತಟ್ಟುತ್ತ ಹರಳುಗಳನ್ನು ಉದುರಿಸಿ. 2.2 ದಾಟಿದ ಮೇಲೆ ಒಂದೊಂದು ತಟ್ಟಿಗೆ ಎರಡು ಮೂರು ಹರಳು ಮಾತ್ರ ಬೀಳುವಂತಿರಬೇಕು. ಹೆಚ್ಚಾಗಿ ಬಿದ್ದರೆ ತೆಗೆದದ್ದನ್ನು ಮೂಲ ಬಾಟಲಿಗೆ ಮರಳಿ ಹಾಕಬಾರದು. ಬಿಸಿಯಾಗಿರುವ ಯಾವುದನ್ನೂ ತೂಗಬಾರದು, ಬಿಸಿ ಪಾತ್ರೆಯ ಸುತ್ತಲಿನ ಗಾಳಿ ಮೇಲೇರುತ್ತ ತಟ್ಟೆಯನ್ನು ಹಗುರವೆಂದು ತೋರಿಸುತ್ತದೆ.

ಉಪ್ಪನ್ನು ಬೀಕರಿಗೆ ಹಾಕಿ, ಪೇಪರಿಗೆ ಅಂಟಿದ್ದನ್ನು ವಾಷ್ ಬಾಟಲಿಯ ನೀರಿನಿಂದ ತೊಳೆದು ಅದರೊಳಗೇ ಬೀಳಿಸಿ. ಒಟ್ಟು ಗಾತ್ರದ ಮುಕ್ಕಾಲು ಭಾಗದಷ್ಟು, ಅಂದರೆ ಸುಮಾರು 180 ಮಿ.ಲೀ. ಭಟ್ಟಿ ಇಳಿಸಿದ ನೀರು ಹಾಕಿ ಕರಗಿಸಿ. ಬೋರ್‌ವೆಲ್ ನೀರು ಎಷ್ಟು ತಿಳಿಯಾಗಿ ಕಂಡರೂ ಬಳಸುವಂತಿಲ್ಲ. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಕ್ಲೋರೈಡ್‌ಗಳಿರುತ್ತವೆ, ಒಂದು ಹನಿ ಸಿಲ್ವರ್ ನೈಟ್ರೇಟ್ ಹಾಕಿದರೆ ಹಾಲಿನಂತೆ ಬಿಳುಪಾಗುವುದನ್ನು ನೀವೇ ನೋಡಬಹುದು.

ಒಂದು ಹರಳೂ ಉಳಿಯದಂತೆ ಕರಗಿದ ಮೇಲೆ 250 ಮಿ.ಲೀ. ಸ್ಟ್ಯಾಂಡರ್ಡ್ ಫ್ಲಾಸ್ಕಿಗೆ ಗಾಜಿನ ಕಡ್ಡಿಯ ಆಸರೆಯಲ್ಲಿ ಸುರಿಯಿರಿ. ಬೀಕರನ್ನು ಸ್ವಲ್ಪ ಸ್ವಲ್ಪ ನೀರಿನಿಂದ ಎರಡು ಮೂರು ಬಾರಿ ತೊಳೆದು ಆ ನೀರನ್ನೂ ಫ್ಲಾಸ್ಕಿಗೇ ಸೇರಿಸಿ, ಬೀಕರಿನ ಗೋಡೆಗೆ ಅಂಟಿಕೊಂಡದ್ದೂ ನಿಮ್ಮ 2.25 ಗ್ರಾಂನ ಭಾಗವೇ. ಕತ್ತಿನ ಗೆರೆಗೆ ಒಂದು ಸೆಂಟಿಮೀಟರ್ ಇರುವಾಗ ವಾಷ್ ಬಾಟಲಿ ಕೆಳಗಿಟ್ಟು ಡ್ರಾಪರ್ ತೆಗೆದುಕೊಳ್ಳಿ. ಫ್ಲಾಸ್ಕನ್ನು ಕೈಯಲ್ಲಿ ಎತ್ತಿ ಹಿಡಿಯದೆ ಮೇಜಿನ ಮೇಲೆಯೇ ಇಟ್ಟು, ನೀವು ಬಗ್ಗಿ, ಕಣ್ಣನ್ನು ಗೆರೆಯ ಮಟ್ಟಕ್ಕೆ ತನ್ನಿ. ಕತ್ತಿನ ಮುಂಭಾಗದ ಗೆರೆಯೂ ಹಿಂಭಾಗದ ಗೆರೆಯೂ ಒಂದಾಗಿ ಕಂಡರೆ ನಿಮ್ಮ ಕಣ್ಣು ಸರಿಯಾದ ಎತ್ತರದಲ್ಲಿದೆ ಎಂದರ್ಥ. ನೀರಿನ ಮೇಲ್ಮೈಯ ಬಾಗು ಗೆರೆಯನ್ನು ತನ್ನ ಕೆಳತುದಿಯಿಂದ ಮುಟ್ಟುವವರೆಗೆ ಒಂದೊಂದೇ ಹನಿ ಬಿಡಿ. ಗೆರೆ ದಾಟಿದರೆ ಪಿಪೆಟ್‌ನಿಂದ ಹೀರಿ ತೆಗೆದು ಸರಿಪಡಿಸಲು ಸಾಧ್ಯವಿಲ್ಲ, ಏಕೆಂದರೆ ನೀರಿನ ಜೊತೆ ಉಪ್ಪೂ ಹೊರಗೆ ಬರುತ್ತದೆ. ಮತ್ತೆ ಮೊದಲಿನಿಂದ ಮಾಡಬೇಕು. ಆಮೇಲೆ ಬಿರಡೆ ಹಾಕಿ, ಅದನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, ಹತ್ತು ಹದಿನೈದು ಬಾರಿ ತಲೆಕೆಳಗು ಮಾಡಿ. ಕತ್ತಿನಲ್ಲಿ ಸೇರಿದ ಕೊನೆಯ ನೀರು ಕೆಳಗಿನ ದ್ರಾವಣದೊಂದಿಗೆ ತಾನಾಗಿಯೇ ಬೆರೆಯುವುದಿಲ್ಲ.

ಎಲ್ಲ ದ್ರಾವಣಕ್ಕೂ ಸ್ಟ್ಯಾಂಡರ್ಡ್ ಫ್ಲಾಸ್ಕ್ ಬೇಕೆಂದು ನಾನು ಹಟ ಹಿಡಿಯುವುದಿಲ್ಲ. ಬಣ್ಣಗಳು, ತೊಳೆಯುವ ದ್ರಾವಣಗಳಿಗೆ ಅಳತೆ ಜಾಡಿ ಸಾಕು. ಆದರೆ ಬೀಕರಿನ ಮೇಲಿನ ಗೆರೆಗಳು ಕೇವಲ ಅಂದಾಜಿಗೆ ಇರುವಂಥವು, ಅವುಗಳ ಮೇಲೆ ಎಂದೂ ಮೇಕಪ್ ಮಾಡಬಾರದು.

ಇದೇ ದ್ರಾವಣವನ್ನು ಮೋಲಾರ್ ಅಳತೆಯಲ್ಲಿ, ಅಂದರೆ ಲೀಟರಿಗೆ ಎಷ್ಟು ಮೋಲ್ ಎಂದು, ಹೇಳಬೇಕಾದರೆ ಶೇಕಡಾವನ್ನು 10ರಿಂದ ಗುಣಿಸಿ ಅಣುತೂಕದಿಂದ ಭಾಗಿಸಿದರಾಯಿತು. 100 ಮಿ.ಲೀ.ಯಲ್ಲಿ 0.9 ಗ್ರಾಂ ಎಂದರೆ ಲೀಟರಿಗೆ 9 ಗ್ರಾಂ, ಅದನ್ನು 58.44ರಿಂದ ಭಾಗಿಸಿದರೆ 0.154 ಮೋಲಾರ್. ವೈವಾದಲ್ಲಿ ಇದನ್ನು ಕೇಳದೆ ಬಿಡುವ ಪರೀಕ್ಷಕರು ಕಡಿಮೆ.

ಮಳೆಗಾಲದ ಲವಣಗಳು

ಲವಣದ ರೂಪ ಎಂದೆನಲ್ಲ, ಅದರ ಬೆಲೆ ನನಗೆ ಗೊತ್ತಾದದ್ದು ಪಾಠ ಮಾಡಲು ಸೇರಿದ ಮೊದಲ ವರ್ಷಗಳಲ್ಲಿ. ಸೋಡಿಯಂ ಆಲ್ಜಿನೇಟ್‌ನಲ್ಲಿ ಯೀಸ್ಟ್ ಬೆರೆಸಿ, ಆ ಮಿಶ್ರಣವನ್ನು ಸಿರಿಂಜಿನಿಂದ 2% ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣಕ್ಕೆ ಹನಿಹನಿಯಾಗಿ ಬಿಟ್ಟು ಮಣಿಗಳನ್ನು ಮಾಡುವ ಪ್ರಯೋಗ ಅದು. ಸಾಮಾನ್ಯವಾಗಿ ಹನಿ ದ್ರಾವಣಕ್ಕೆ ಬಿದ್ದು ಸ್ವಲ್ಪ ಹೊತ್ತಿನಲ್ಲೇ ಸಬ್ಬಕ್ಕಿಯ ಕಾಳಿನಂತೆ ಗಟ್ಟಿಯಾಗಿ ತಳಕ್ಕಿಳಿಯುತ್ತದೆ. ಆ ದಿನ ಬಿದ್ದ ಹನಿಗಳೆಲ್ಲ ಗೊದಮೊಟ್ಟೆಯಂತೆ ಬಾಲ ಬಿಟ್ಟುಕೊಂಡು, ಮುಟ್ಟಿದರೆ ಒಡೆಯುವಷ್ಟು ಮೆತ್ತಗಾದವು. ಆಲ್ಜಿನೇಟ್ ಹಳೆಯದಿರಬೇಕೆಂದು ಅರ್ಧ ದಿನ ಕಳೆದೆವು. ಕೊನೆಗೆ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿಯನ್ನು ಓರೆ ಮಾಡಿದಾಗ ತಳದಲ್ಲಿ ನೀರು ಹರಿದಾಡಿತು. ಆಷಾಢದ ಮಳೆ, ಸಡಿಲವಾಗಿ ಮುಚ್ಚಿದ ಮುಚ್ಚಳ. ನಾವು ತೂಗಿದ್ದರಲ್ಲಿ ಬಹುಪಾಲು ನೀರೇ ಇತ್ತು.

ಕ್ಯಾಲ್ಸಿಯಂ ಕ್ಲೋರೈಡ್, ಸೋಡಿಯಂ ಹೈಡ್ರಾಕ್ಸೈಡ್, ಮೆಗ್ನೀಸಿಯಂ ಕ್ಲೋರೈಡ್ ಇವೆಲ್ಲ ಗಾಳಿಯ ತೇವವನ್ನು ಎಳೆದುಕೊಳ್ಳುವಂಥವು. ಸಕಲೇಶಪುರ, ಚಿಕ್ಕಮಗಳೂರಿನಂಥ ಊರುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಡಬ್ಬಿಗಳನ್ನು ಡೆಸಿಕೇಟರಿನಲ್ಲಿ (ತೇವ ಹೀರುವ ವಸ್ತುವಿಟ್ಟ ಬಿಗಿ ಮುಚ್ಚಳದ ಪಾತ್ರೆ) ಇಡಲೇಬೇಕು. ಅದಿಲ್ಲದಿದ್ದರೆ ಒಣ ಸಿಲಿಕಾ ಜೆಲ್ ಹಾಕಿದ ಬಿಗಿ ಮುಚ್ಚಳದ ಡಬ್ಬಿಯೊಳಗೆ ಇಡಿ. ತೂಗುವಾಗ ತಡಮಾಡಬೇಡಿ, ಸೋಡಿಯಂ ಹೈಡ್ರಾಕ್ಸೈಡ್ ಗುಳಿಗೆಗಳು ತಕ್ಕಡಿಯ ಮೇಲೆಯೇ ಬೆವರತೊಡಗುತ್ತವೆ. ಅವನ್ನು ಬಟರ್ ಪೇಪರಿನ ಮೇಲೆ ತೂಗದೆ ಚಿಕ್ಕ ಬೀಕರಿನಲ್ಲಿಯೇ ತೂಗಿ, ಬರಿಗೈಯಲ್ಲಿ ಮುಟ್ಟಬೇಡಿ. ಕರಗುವಾಗ ಅದು ಬಹಳ ಬಿಸಿಯಾಗುವುದರಿಂದ ಬೀಕರನ್ನು ತಣ್ಣೀರಿನ ತಟ್ಟೆಯಲ್ಲಿಟ್ಟು, ಕಲಕುತ್ತ, ಸ್ವಲ್ಪ ಸ್ವಲ್ಪವೇ ಸೇರಿಸಿ. ಪೂರ್ತಿ ತಣ್ಣಗಾದ ಮೇಲಷ್ಟೇ ಮೇಕಪ್ ಮಾಡಿ ಪ್ಲಾಸ್ಟಿಕ್ ಬಾಟಲಿಗೆ ತುಂಬಿ. ಗಾಜಿನ ಬಿರಡೆಯ ಬಾಟಲಿಯಲ್ಲಿಟ್ಟರೆ ಕೆಲವು ದಿನಗಳಲ್ಲಿ ಬಿರಡೆ ಕಚ್ಚಿಕೊಂಡು ತೆಗೆಯಲು ಬಾರದಾಗುತ್ತದೆ.

ಹರಳಿನ ನೀರಿನ ಲೆಕ್ಕ ಹೀಗಿದೆ. ಕ್ರಮಪತ್ರದಲ್ಲಿ (ಪ್ರಯೋಗದ ವಿಧಾನ ಬರೆದ ಹಾಳೆ) ನಿರ್ಜಲ ಕ್ಯಾಲ್ಸಿಯಂ ಕ್ಲೋರೈಡ್ ಎಂದಿದ್ದು ನಿಮ್ಮಲ್ಲಿರುವುದು ಎರಡು ನೀರಿನ ಅಣುಗಳಿರುವ ರೂಪವಾದರೆ, ಇರುವ ರೂಪದ ಅಣುತೂಕವನ್ನು ಬೇಕಾದ ರೂಪದ ಅಣುತೂಕದಿಂದ ಭಾಗಿಸಿ, ಬಂದದ್ದರಿಂದ ಬೇಕಾದ ತೂಕವನ್ನು ಗುಣಿಸಬೇಕು. 100 ಮಿ.ಲೀ. 2% ದ್ರಾವಣಕ್ಕೆ: 2 × 147.01 ÷ 110.98 = 2.65 ಗ್ರಾಂ. ಕ್ರಮಪತ್ರದಲ್ಲಿ ಯಾವ ರೂಪವೆಂದು ಹೇಳಿಲ್ಲದಿದ್ದರೆ ನೀವು ಬಳಸಿದ ರೂಪವನ್ನು ರೆಕಾರ್ಡಿನಲ್ಲೂ ಬಾಟಲಿಯ ಮೇಲೂ ಬರೆಯಿರಿ. ಮುಂದೆ ಅದೇ ಫಲಿತಾಂಶ ಬೇಕಾದವರಿಗೆ ಅದೊಂದೇ ದಾರಿ.

ಗಾತ್ರ/ಗಾತ್ರ: 95% ಎಥನಾಲ್‌ನಿಂದ 70%

ಡಿಎನ್‌ಎ ತೊಳೆಯಲು, ಮೇಜು ಒರೆಸಲು, ಕೈ ಶುದ್ಧಿಗೆ ದಿನವೂ ಬೇಕಾಗುವುದು 70% ಎಥನಾಲ್. ಹೆಚ್ಚು ಪ್ರಬಲವಾದ 95% ಇರುವಾಗ ನೀರು ಬೆರೆಸಿ ದುರ್ಬಲಗೊಳಿಸುವುದೇಕೆ ಎಂಬ ಪ್ರಶ್ನೆ ನ್ಯಾಯವಾದದ್ದು. ಸೂಕ್ಷ್ಮಾಣುವಿನ ಪ್ರೋಟೀನುಗಳ ಸ್ವರೂಪ ಕೆಡಲು ನೀರಿನ ನೆರವು ಬೇಕು, ಜೊತೆಗೆ 95% ಬೇಗ ಆರಿಹೋಗುತ್ತದೆ. ಹಾಗಾಗಿ ಕ್ರಿಮಿನಾಶಕವಾಗಿ 70% ಹೆಚ್ಚು ಪರಿಣಾಮಕಾರಿ.

ಸೂತ್ರ ಎಲ್ಲರಿಗೂ ಬಾಯಿಪಾಠವಾಗಿರುವ 'ಸಿ ಒನ್ ವಿ ಒನ್' ಸೂತ್ರವೇ: ಮೊದಲ ಸಾರತೆ × ತೆಗೆದುಕೊಳ್ಳುವ ಗಾತ್ರ = ಬೇಕಾದ ಸಾರತೆ × ಬೇಕಾದ ಗಾತ್ರ. 100 ಮಿ.ಲೀ. ಬೇಕಾದರೆ 70 × 100 ÷ 95 = 73.7 ಮಿ.ಲೀ. ಹಳೆಯ ಅಧ್ಯಾಪಕರು ಕಲಿಸಿದ ಇನ್ನೂ ಸುಲಭದ ದಾರಿಯೊಂದಿದೆ, ಅದಕ್ಕೆ ಭಾಗಾಕಾರವೇ ಬೇಡ. ಬೇಕಾದ ಶೇಕಡಾದಷ್ಟು ಮಿ.ಲೀ. ಎಥನಾಲ್ ತೆಗೆದುಕೊಂಡು ಇರುವ ಶೇಕಡಾದಷ್ಟು ಮಿ.ಲೀ.ಗೆ ಮೇಕಪ್ ಮಾಡುವುದು. 95% ಇರುವುದನ್ನು 70 ಮಿ.ಲೀ. ತೆಗೆದುಕೊಂಡು 95 ಮಿ.ಲೀ.ಗೆ ತುಂಬಿದರೆ ಅದು 70%. ಅಂಗಾಂಶಗಳ ನೀರು ತೆಗೆಯಲು 30, 50, 70, 90 ಎಂದು ಸಾಲಾಗಿ ತಯಾರಿಸುವಾಗ ನಾನು ಈಗಲೂ ಇದನ್ನೇ ಬಳಸುತ್ತೇನೆ.

ಇಲ್ಲಿಯೂ ಮೇಕಪ್ ಮಾಡಬೇಕೇ ಹೊರತು 26.3 ಮಿ.ಲೀ. ನೀರನ್ನು ಬೇರೆಯಾಗಿ ಅಳೆದು ಬೆರೆಸಬಾರದು. 50 ಮಿ.ಲೀ. ಶುದ್ಧ ಎಥನಾಲ್ ಮತ್ತು 50 ಮಿ.ಲೀ. ನೀರು ಸೇರಿದರೆ 100 ಆಗದೆ ಸುಮಾರು 96–97 ಮಿ.ಲೀ. ಆಗುತ್ತದೆ. ನೀರಿನ ಮತ್ತು ಎಥನಾಲಿನ ಅಣುಗಳು ಪರಸ್ಪರ ಹತ್ತಿರ ಸೇರಿ ಇಕ್ಕಟ್ಟಾಗಿ ಕೂರುವುದರಿಂದ ಗಾತ್ರ ಕುಗ್ಗುತ್ತದೆ. ಸಕ್ಕರೆ ಹಾಕಿದಾಗ ಹಿಗ್ಗಿದ ಜಾಡಿಯೇ ಇಲ್ಲಿ ಕುಗ್ಗುವುದನ್ನು ಕಂಡ ವಿದ್ಯಾರ್ಥಿಗೆ ಮೇಕಪ್ ಏಕೆ ಎಂದು ಮತ್ತೆ ಹೇಳಬೇಕಾಗುವುದಿಲ್ಲ. ಬೆರೆಸುವಾಗ ಬೀಕರ್ ಬೆಚ್ಚಗಾಗುತ್ತದೆ, ಅದು ಕೋಣೆಯ ಉಷ್ಣತೆಗೆ ಮರಳಿದ ಮೇಲೆ ಕೊನೆಯ ಹನಿಗಳನ್ನು ಸೇರಿಸಿ. ಸ್ಪಿರಿಟ್ ಲ್ಯಾಂಪ್ ಉರಿಯುತ್ತಿರುವ ಮೇಜಿನಲ್ಲಿ ಈ ಕೆಲಸ ಬೇಡವೇ ಬೇಡ.

ತೂಕ/ತೂಕ ಬರೆದಿರುವ ಆಮ್ಲದ ಬಾಟಲಿ

ಸಾರೀಕೃತ ಹೈಡ್ರೋಕ್ಲೋರಿಕ್ ಆಮ್ಲದ ಬಾಟಲಿಯ ಮೇಲೆ 37% ಎಂದೂ ಸಾಂದ್ರತೆ 1.18 ಎಂದೂ ಇದೆ ಎಂದುಕೊಳ್ಳಿ. ಇದರಿಂದ 5% ತೂಕ/ಗಾತ್ರದ 100 ಮಿ.ಲೀ. ಬೇಕು. ನೇರವಾಗಿ ಸೂತ್ರಕ್ಕೆ ಹಾಕಿದರೆ 5 × 100 ÷ 37 = 13.5 ಮಿ.ಲೀ. ಎಂದು ಬರುತ್ತದೆ, ಅದು ತಪ್ಪು. 37 ಗ್ರಾಂ ಆಮ್ಲ ಇರುವುದು 100 ಗ್ರಾಂ ದ್ರವದಲ್ಲಿ, 100 ಮಿ.ಲೀ.ಯಲ್ಲಿ ಅಲ್ಲ. ಒಂದು ಮಿ.ಲೀ. ದ್ರವ 1.18 ಗ್ರಾಂ ತೂಗುವುದರಿಂದ ಅದರಲ್ಲಿರುವ ಹೈಡ್ರೋಜನ್ ಕ್ಲೋರೈಡ್ 1.18 × 0.37 = 0.437 ಗ್ರಾಂ. 5 ಗ್ರಾಂ ಬೇಕಾದರೆ 5 ÷ 0.437, ಅಂದರೆ ಸುಮಾರು 11.4 ಮಿ.ಲೀ. ಸಾಂದ್ರತೆಯನ್ನು ಮರೆತವರ ದ್ರಾವಣ 5% ಆಗದೆ 5.9% ಆಗುತ್ತದೆ.

ಕೈಗವಸು, ಕನ್ನಡಕ, ಫ್ಯೂಮ್ ಹುಡ್ (ಆವಿಯನ್ನು ಹೊರಗೆ ಎಳೆದೊಯ್ಯುವ ಕಪಾಟು) ಕಡ್ಡಾಯ. ಮೊದಲು ಸುಮಾರು 70 ಮಿ.ಲೀ. ನೀರು, ಆಮೇಲೆ ಕಲಕುತ್ತ ಆಮ್ಲ. ಆಮ್ಲಕ್ಕೆ ನೀರು ಹಾಕಿದರೆ ಬಿದ್ದ ನೀರು ಹಠಾತ್ತನೆ ಕಾದು ಆಮ್ಲವನ್ನು ಮುಖಕ್ಕೆ ಎರಚಬಹುದು, ಸಲ್ಫ್ಯೂರಿಕ್ ಆಮ್ಲದಲ್ಲಂತೂ ಇದು ಖಂಡಿತ ಅಪಾಯ. ಬಾಯಿಂದ ಪಿಪೆಟ್ ಎಳೆಯುವ ಹಳೆಯ ರೂಢಿಯನ್ನು ಉಪ್ಪುನೀರಿಗೂ ಬಳಸಬೇಡಿ.

ಪ್ರತಿಯೊಂದಕ್ಕೂ ಅದರದೇ ಸ್ವಭಾವ

10% ಎಸ್‌ಡಿಎಸ್ ತಯಾರಿಸುವಾಗ ಅದರ ಪುಡಿ ಬಹಳ ಹಗುರ, ಗಾಳಿಗೆ ಎದ್ದು ಮೂಗು ಗಂಟಲನ್ನು ಉರಿಸುತ್ತದೆ. ಮಾಸ್ಕ್ ಹಾಕಿಕೊಂಡು ತೂಗಿ. 80 ಮಿ.ಲೀ. ನೀರಿಗೆ 10 ಗ್ರಾಂ ಹಾಕಿ, 68 ಡಿಗ್ರಿಯವರೆಗೆ ಬಿಸಿ ಮಾಡುತ್ತ ಮ್ಯಾಗ್ನೆಟಿಕ್ ಸ್ಟಿರರನ್ನು ನಿಧಾನವಾಗಿ ತಿರುಗಿಸಿ. ಜೋರಾಗಿ ಕಲಕಿದರೆ ನೊರೆ ತುಂಬಿ ಗೆರೆಯೇ ಕಾಣದು, ನೊರೆ ಇಳಿಯುವವರೆಗೆ ಮೇಕಪ್ ಮಾಡುವಂತಿಲ್ಲ. ಇದನ್ನು ಫ್ರಿಜ್ಜಿನಲ್ಲಿ ಇಡಬಾರದು. ಡಿಸೆಂಬರ್ ಬೆಳಿಗ್ಗೆ ಬೀಗ ತೆಗೆದು ಒಳಹೊಕ್ಕಾಗ ಕಪಾಟಿನಲ್ಲಿದ್ದ ಎಸ್‌ಡಿಎಸ್ ಬಾಟಲಿಯ ತಳದಲ್ಲಿ ಮಂಜಿನಂತೆ ಬಿಳಿ ಹರಳು ಕೂತಿರುವುದು ನಮ್ಮಲ್ಲಿ ಸಾಮಾನ್ಯ. ದ್ರಾವಣ ಕೆಟ್ಟಿಲ್ಲ, ಚಳಿಗೆ ಹೊರಬಂದಿದೆ. ಹಾಗೆಯೇ ಮೇಲಿನ ತಿಳಿಯನ್ನು ಪಿಪೆಟ್ ಮಾಡಿದರೆ ಮಾತ್ರ ನಿಮ್ಮ ಕೈಗೆ ಬರುವುದು 10% ಅಲ್ಲ. ಬಿಸಿನೀರಿನಲ್ಲಿ ಬಾಟಲಿಯನ್ನಿಟ್ಟು ಪೂರ್ತಿ ಕರಗಿಸಿ, ತಲೆಕೆಳಗು ಮಾಡಿ ಬೆರೆಸಿ, ಆಮೇಲೆ ಬಳಸಿ.

ಚಳಿ ಇನ್ನೊಂದು ಬಾಟಲಿಯನ್ನೂ ಕಾಡುತ್ತದೆ. ಗ್ಲೇಶಿಯಲ್ ಅಸಿಟಿಕ್ ಆಮ್ಲ 16.6 ಡಿಗ್ರಿಯಲ್ಲಿ ಹೆಪ್ಪುಗಟ್ಟುವುದರಿಂದ ಧನುರ್ಮಾಸದ ಬೆಳಗಿನ ತರಗತಿಗೆ ಅದು ಗಾಜಿನೊಳಗೆ ಕಲ್ಲುಸಕ್ಕರೆಯಂತೆ ಕೂತಿರಬಹುದು. ಮುಚ್ಚಳ ಸಡಿಲಿಸಿ ಉಗುರುಬೆಚ್ಚನೆಯ ನೀರಿನಲ್ಲಿಟ್ಟು ಕರಗಿಸಿ, ಬೆಂಕಿಯ ಹತ್ತಿರ ಒಯ್ಯಬೇಡಿ. ಈರುಳ್ಳಿ ಬೇರಿನ ತುದಿಯಲ್ಲಿ ಕೋಶವಿಭಜನೆ ನೋಡಲು ಬೇಕಾಗುವ 1% ಅಸಿಟೋಕಾರ್ಮೈನ್‌ಗೆ ಇದು ಬೇಕು. ಇದರಲ್ಲಿ ಎರಡು ಶೇಕಡಾಗಳು ಒಂದರ ಮೇಲೊಂದು ಕೂತಿವೆ: 45 ಮಿ.ಲೀ. ಆಮ್ಲವನ್ನು ನೀರಿಗೆ ಸೇರಿಸಿ 100 ಮಿ.ಲೀ.ಗೆ ತಂದರೆ 45% ಗಾತ್ರ/ಗಾತ್ರ. ಅದರಲ್ಲಿ 1 ಗ್ರಾಂ ಕಾರ್ಮೈನ್ ಹಾಕಿ ಫ್ಯೂಮ್ ಹುಡ್‌ನಲ್ಲಿ ಸಣ್ಣಗೆ ಕುದಿಸಿ, ತಣಿಸಿ, ಸೋಸಿದರೆ ಬಣ್ಣ ಸಿದ್ಧ.

ಡಿಎನ್‌ಎ ತುಣುಕುಗಳನ್ನು ವಿದ್ಯುತ್ತಿನಿಂದ ಬೇರ್ಪಡಿಸಲು ಬಳಸುವ ಅಗರೋಸ್ ಜೆಲ್ ಮೇಕಪ್ ನಿಯಮಕ್ಕೆ ಒಂದು ಒಪ್ಪಿತ ಅಪವಾದ. 0.8% ಜೆಲ್‌ಗೆ 0.4 ಗ್ರಾಂ ಅಗರೋಸನ್ನು ನೇರವಾಗಿ 50 ಮಿ.ಲೀ. ಬಫರಿಗೆ (ಆಮ್ಲ-ಕ್ಷಾರ ಮಟ್ಟ ಬದಲಾಗದಂತೆ ಕಾಯುವ ದ್ರಾವಣ) ಹಾಕುತ್ತೇವೆ, ಇಷ್ಟು ಕಡಿಮೆ ವಸ್ತುವಿನಲ್ಲಿ ಗಾತ್ರದ ವ್ಯತ್ಯಾಸ ಲೆಕ್ಕಕ್ಕಿಲ್ಲ. ಆದರೆ ಕುದಿಸುವಾಗ ಆವಿಯಾಗಿ ಹೋಗುವ ನೀರು ಲೆಕ್ಕಕ್ಕಿದೆ. ಕುದಿಸುವ ಮೊದಲು ಫ್ಲಾಸ್ಕನ್ನು ತೂಗಿಟ್ಟುಕೊಂಡು, ಅಗರೋಸ್ ಕರಗಿದ ಮೇಲೆ ಸ್ವಲ್ಪ ತಣಿಸಿ ಮತ್ತೆ ತೂಗಿ, ಕಡಿಮೆಯಾದಷ್ಟು ಗ್ರಾಂ ಬಿಸಿ ಭಟ್ಟಿನೀರನ್ನು ಸೇರಿಸಿ. ಇನ್ನೊಂದು ಎಚ್ಚರಿಕೆ: ಅಗರೋಸನ್ನು ಬರಿ ನೀರಿನಲ್ಲಿ ಕರಗಿಸಿದರೂ ಜೆಲ್ ಚೆನ್ನಾಗಿಯೇ ಹೆಪ್ಪುಗಟ್ಟುತ್ತದೆ, ನೋಡಿದರೆ ವ್ಯತ್ಯಾಸ ಗೊತ್ತಾಗದು. ಆದರೆ ವಿದ್ಯುತ್ ಹರಿಯಲು ಬೇಕಾದ ಅಯಾನುಗಳು ಅದರಲ್ಲಿ ಇರುವುದಿಲ್ಲ, ಡಿಎನ್‌ಎ ಕುಳಿಯಿಂದ ಮುಂದೆ ಹೋಗುವುದೇ ಕಷ್ಟ.

ಕಾಫಿ ಎಲೆಯಿಂದ ಡಿಎನ್‌ಎ ತೆಗೆಯಲು ಬಳಸುವ, ಸಿಟಿಎಬಿ ಎಂಬ ಮಾರ್ಜಕವಿರುವ ಬಫರಿನಲ್ಲಿ ಶೇಕಡಾವೂ ಮೋಲಾರ್ ಅಳತೆಯೂ ಒಟ್ಟಿಗೆ ಬರುತ್ತವೆ. 100 ಮಿ.ಲೀ.ಗೆ 2% ಸಿಟಿಎಬಿ ಎಂದರೆ 2 ಗ್ರಾಂ, 1.4 ಮೋಲಾರ್ ಉಪ್ಪು ಎಂದರೆ 8.18 ಗ್ರಾಂ, 1 ಮೋಲಾರ್ ಟ್ರಿಸ್ 10 ಮಿ.ಲೀ.; 0.5 ಮೋಲಾರ್ ಇಡಿಟಿಎ 4 ಮಿ.ಲೀ.; 1% ಪಿವಿಪಿ 1 ಗ್ರಾಂ. ಕಾಫಿ ಎಲೆಯಲ್ಲಿ ಪಾಲಿಫೀನಾಲ್‌ಗಳು ಹೇರಳವಾಗಿರುವುದರಿಂದ, ಅವನ್ನು ಹಿಡಿದಿಡುವ ಪಿವಿಪಿ ಬಿಟ್ಟರೆ ಡಿಎನ್‌ಎ ಕಂದುಬಣ್ಣಕ್ಕೆ ತಿರುಗುತ್ತದೆ. 0.2% ಮರ್ಕ್ಯಾಪ್ಟೋಎಥನಾಲ್ ಮಾತ್ರ ಗಾತ್ರ/ಗಾತ್ರದ್ದು, 100 ಮಿ.ಲೀ.ಗೆ 200 ಮೈಕ್ರೋಲೀಟರ್. ಅದನ್ನು ಬಳಸುವ ಹೊತ್ತಿಗೆ, ಬೇಕಾದಷ್ಟು ಬಫರಿಗೆ ಮಾತ್ರ, ಫ್ಯೂಮ್ ಹುಡ್‌ನಲ್ಲಿ ಸೇರಿಸಬೇಕು.

ಸಣ್ಣ ತೂಕ, ದೊಡ್ಡ ತಪ್ಪು

ನಮ್ಮ ತರಗತಿಯ ತಕ್ಕಡಿ 0.01 ಗ್ರಾಂವರೆಗೆ ತೋರಿಸುತ್ತದೆ. 0.1% ಬಣ್ಣದ ದ್ರಾವಣಕ್ಕೆ 0.1 ಗ್ರಾಂ ತೂಗಿದರೆ ಕೊನೆಯ ಅಂಕಿಯಲ್ಲಿ ಒಂದು ಏರುಪೇರಾದರೂ ದ್ರಾವಣ ಹತ್ತನೇ ಒಂದು ಭಾಗದಷ್ಟು ತಪ್ಪುತ್ತದೆ. ಅದರ ಬದಲು 1 ಗ್ರಾಂ ತೂಗಿ 100 ಮಿ.ಲೀ. 1% ಸ್ಟಾಕ್ (ಮುಂದೆ ದುರ್ಬಲಗೊಳಿಸಿ ಬಳಸುವ ಮೂಲ ದ್ರಾವಣ) ಮಾಡಿ, ಅದರಿಂದ 10 ಮಿ.ಲೀ. ಪಿಪೆಟ್‌ನಲ್ಲಿ ತೆಗೆದು 100 ಮಿ.ಲೀ.ಗೆ ಮೇಕಪ್ ಮಾಡಿ. ತಪ್ಪು ನೂರರಲ್ಲಿ ಒಂದಕ್ಕೆ ಇಳಿಯುತ್ತದೆ.

ಸ್ಟಾಕಿನಿಂದ ಮಾಡುವಾಗ ಇನ್ನೊಂದು ಬಲೆ ಇದೆ. ಫಾರ್ಮಲಿನ್ ಎಂಬುದು ತಾನೇ ಒಂದು ದ್ರಾವಣ, ಅದರಲ್ಲಿ ಫಾರ್ಮಾಲ್ಡಿಹೈಡ್ ಇರುವುದು 37ರಿಂದ 40%. ಹಾಗಾಗಿ '10% ಫಾರ್ಮಲಿನ್' ಎಂದರೆ ಬಾಟಲಿಯ ಫಾರ್ಮಲಿನ್ ಒಂದು ಭಾಗಕ್ಕೆ ನೀರು ಒಂಬತ್ತು ಭಾಗ, ಅದರಲ್ಲಿ ಫಾರ್ಮಾಲ್ಡಿಹೈಡ್ ಸುಮಾರು 4%. '10% ಫಾರ್ಮಾಲ್ಡಿಹೈಡ್' ಎಂದರೆ ಅದರ ಎರಡೂವರೆ ಪಟ್ಟು ಪ್ರಬಲವಾದ ಬೇರೆಯದೇ ದ್ರಾವಣ. ಅಂಗಾಂಶ ಕೃಷಿಯಲ್ಲಿ ಎಲೆ ಕಾಂಡದ ತುಂಡುಗಳನ್ನು ಶುದ್ಧಿ ಮಾಡುವ ಸೋಡಿಯಂ ಹೈಪೋಕ್ಲೋರೈಟ್ ಕೂಡ ಇದೇ ಜಾತಿಯದು. ಬಾಟಲಿಯಲ್ಲಿ 4% ಕ್ಲೋರಿನ್ ಎಂದಿದ್ದರೆ 1% ಪಡೆಯಲು 25 ಮಿ.ಲೀ. ತೆಗೆದುಕೊಂಡು 100ಕ್ಕೆ ಮೇಕಪ್ ಮಾಡಬೇಕು. ಇಟ್ಟಷ್ಟೂ ಅದರ ಶಕ್ತಿ ಕುಂದುವುದರಿಂದ ಆ ದಿನಕ್ಕೆ ಬೇಕಾದಷ್ಟೇ ಮಾಡಿಕೊಳ್ಳಿ. ಆಮ್ಲದೊಂದಿಗೆ ಮಾತ್ರ ಎಂದೂ ಸೇರಿಸಬೇಡಿ, ಕ್ಲೋರಿನ್ ಅನಿಲ ಬರುತ್ತದೆ. ಇದೇ ಕೆಲಸಕ್ಕೆ ಕೆಲವೆಡೆ 0.1% ಮರ್ಕ್ಯುರಿಕ್ ಕ್ಲೋರೈಡ್ ಬಳಸುತ್ತಾರೆ. ಅದು ಕಡುವಿಷ, ಸಿಂಕಿಗೆ ಸುರಿದ ಪಾದರಸ ಎಲ್ಲಿಗೂ ಹೋಗಿ ಮರೆಯಾಗುವುದಿಲ್ಲ. ಪದವಿ ತರಗತಿಗೆ ಅದು ಬೇಡವೆಂಬುದೇ ನನ್ನ ಅಭಿಪ್ರಾಯ.

ಬಾಟಲಿಯ ಮೇಲೆ ಬರೆಯುವುದು, ಮತ್ತೆ ಪರೀಕ್ಷಿಸುವುದು

ದ್ರಾವಣ ತುಂಬುವ ಮೊದಲೇ ಚೀಟಿ ಅಂಟಿಸಿ. ವಸ್ತುವಿನ ಹೆಸರು, ಅದರ ರೂಪ, ಶೇಕಡಾ, ತೂಕ/ಗಾತ್ರವೋ ಗಾತ್ರ/ಗಾತ್ರವೋ, ಯಾವ ದ್ರಾವಕ, ತಯಾರಿಸಿದ ದಿನಾಂಕ, ತಯಾರಿಸಿದವರ ಹೆಸರು, ಅಪಾಯವಿದ್ದರೆ ಅದು. ಮುಚ್ಚಳದ ಮೇಲೆ ಬರೆಯಬೇಡಿ, ಮುಚ್ಚಳಗಳು ಅದಲುಬದಲಾಗುತ್ತವೆ. ಸಲೈನ್‌ನಂಥ ದ್ರಾವಣದಲ್ಲಿ ದಾರದ ಎಳೆಯಂಥದ್ದು ತೇಲಿದರೆ ಶಿಲೀಂಧ್ರ ಬೆಳೆದಿದೆ ಎಂದರ್ಥ, ಸೋಸಿ ಬಳಸದೆ ಚೆಲ್ಲಿ.

ಸಕ್ಕರೆ ದ್ರಾವಣವನ್ನು ಪರೀಕ್ಷಿಸಲು ಕಬ್ಬಿನ ರಸದ ಸಿಹಿ ಅಳೆಯುವ ಕೈ ರಿಫ್ರಾಕ್ಟೋಮೀಟರ್ ಸಾಕು. ಗಾಜಿನ ಮೇಲೆ ಎರಡು ಹನಿ ಬಿಟ್ಟು ಬೆಳಕಿಗೆ ಹಿಡಿದರೆ ನೀಲಿ ಬಿಳಿ ಸೇರುವ ಗೆರೆ ಬ್ರಿಕ್ಸ್ ಅಂಕಿಯನ್ನು ತೋರಿಸುತ್ತದೆ. ಸರಿಯಾಗಿ ಮೇಕಪ್ ಮಾಡಿದ 20% ದ್ರಾವಣ ಅಲ್ಲಿ 20 ತೋರಿಸದೆ ಸುಮಾರು 18.6 ತೋರಿಸುತ್ತದೆ, ತಯಾರಿಸಿದ ವಿದ್ಯಾರ್ಥಿನಿಯ ಮುಖ ಬಾಡುತ್ತದೆ. ಅವಳು ತಪ್ಪಿಲ್ಲ. ಬ್ರಿಕ್ಸ್ ಎಂಬುದು ತೂಕ/ತೂಕದ ಶೇಕಡಾ. ಅವಳ 100 ಮಿ.ಲೀ. ದ್ರಾವಣವನ್ನು ತಕ್ಕಡಿಯ ಮೇಲಿಟ್ಟರೆ ಪಾತ್ರೆಯ ತೂಕ ಕಳೆದು ಸುಮಾರು 107.6 ಗ್ರಾಂ ಬರುತ್ತದೆ, 20ನ್ನು ಅದರಿಂದ ಭಾಗಿಸಿ 100ರಿಂದ ಗುಣಿಸಿದರೆ 18.6. ಆ ಅಂಕಿಯನ್ನು ಅವಳು ಚೀಟಿಯ ಮೇಲೆ 20% ತೂಕ/ಗಾತ್ರ ಎಂಬುದರ ಕೆಳಗೆ '18.6 ಬ್ರಿಕ್ಸ್, ತೂಕ/ತೂಕ' ಎಂದು ಬರೆಯುತ್ತಾಳೆ, ಮತ್ತು ಬಾಟಲಿ ಕಪಾಟಿಗೆ ಹೋಗುತ್ತದೆ.